ಹ್ಯಾಮಿಲ್ಟನ್ ಉತ್ತರ ಕೊಟ್ಟನೋ, ಜಾರಿಕೊಂಡನೋ?

(ಲಾ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪು)

ಸುಧಾ: 📷 ಅಲೆಗ್ಸಾಂಡರ್ ಹ್ಯಾಮಿಲ್ಟನ್ 1804ರ ಜೂನ್ 20ರಂದು ಆರನ್ ಬರ್‌ಗೆ ಬರೆದ ಕಾಗದ. ಇಬ್ಬರೂ ನ್ಯೂಯಾರ್ಕಿನ ದೊಡ್ಡ ವಕೀಲರು, ಬರ್ ಆಗ ಅಮೆರಿಕದ ಉಪಾಧ್ಯಕ್ಷ ಕೂಡ. ದಯವಿಟ್ಟು ಪೂರ್ತಿ ಓದಿ. ಇಷ್ಟು ಚೆನ್ನಾಗಿರೋ ರಿಪ್ಲೈ ನೋಟಿಸ್ ನಾನು ಓದಿಲ್ಲ.

ಮಂಜು: ಹಿನ್ನೆಲೆ ಸ್ವಲ್ಪ ಹೇಳೇ.

ಸುಧಾ: ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಒಂದು ಊಟದ ಹೊತ್ತಲ್ಲಿ ಹ್ಯಾಮಿಲ್ಟನ್ ಬರ್ ಬಗ್ಗೆ ಕಟುವಾಗಿ ಮಾತಾಡಿದ್ದ. ಡಾಕ್ಟರ್ ಚಾರ್ಲ್ಸ್ ಕೂಪರ್ ಅನ್ನೋರು ಅದನ್ನ ಕಾಗದದಲ್ಲಿ ಬರೆದರು, ‘ಇದಕ್ಕಿಂತ ಹೇಯವಾದ ಅಭಿಪ್ರಾಯವನ್ನೂ ಹೇಳಿದ್ದಾನೆ’ ಅಂತ ಸೇರಿಸಿದರು. ಅದು ಪತ್ರಿಕೇಲಿ ಅಚ್ಚಾಯ್ತು. ಬರ್ ಆ ಏಪ್ರಿಲ್‌ನಲ್ಲಿ ಗವರ್ನರ್ ಚುನಾವಣೆ ಸೋತಿದ್ದ. ಪತ್ರಿಕೆಯ ತುಣುಕು ಕೈಗೆ ಬಂದಾಗ, ಜೂನ್ 18ಕ್ಕೆ ವಿವರಣೆ ಕೇಳಿ ಬರೆದ. ಅದಕ್ಕೆ ಇದು ಉತ್ತರ.

ಪಾಟೀಲ: ಉತ್ತರ ಎಲ್ಲಿ ಐತಿ ಇದರಾಗ? ಬರ್ ಕೇಳಿದ್ದು ಒಂದ ಮಾತು. ಕೂಪರ್ ಬರದಂಥಾ ಮಾತು ಆಡೀರೋ ಇಲ್ಲೋ? ಇಂವ ನೋಡಿದ್ರ, ‘ಹೇಯ’ ಅನ್ನೂದಕ್ಕ ತಿಳಿಯಿಂದ ಕಡುವಿನ ತನಕಾ ಲೆಕ್ಕಿಲ್ಲದ ಛಾಯಾ ಅದಾವು, ಯಾವುದಕ್ಕಂತ ಉತ್ತರ ಕೊಡ್ಲಿ ಅಂತ ಪಾಠ ಮಾಡ್ಯಾನ. ನಮ್ಮ ಸಿಪಿಸಿ, ಅಂದ್ರ ಸಿವಿಲ್ ದಾವೆ ನಡಸೂ ಕಾಯ್ದೆ, ಅದರ ಆರ್ಡರ್ 8 ರೂಲ್ 4 ನೆನಪಿಸ್ಕೊ ಸುಧಾ. ಎವೇಸಿವ್ ಡಿನಯಲ್, ಅಂದ್ರ ನೇರ ಇಲ್ಲ ಅನ್ನದ ಜಾರಿಕೊಳ್ಳೂದು. ನನ್ನ ಜೂನಿಯರ್ ಹಿಂಗ ದಾವೆಗೆ ಉತ್ತರದ ರಿಟನ್ ಸ್ಟೇಟ್‌ಮೆಂಟ್ ಬರಕೊಂಡು ಬಂದ್ರ ತಿರುಗಿ ಬರಸ್ತೀನಿ.

ಸುಧಾ: ಅದೇ ಸಿಪಿಸಿಯ ಆರ್ಡರ್ 6 ಮರೆತ್ಯಾ? ಪ್ಲೇಂಟಿನಲ್ಲಿ, ಅಂದ್ರೆ ದಾವೆ ಅರ್ಜಿಯಲ್ಲಿ, ಪರ್ಟಿಕ್ಯುಲರ್ಸ್, ಅಂದ್ರೆ ಖಚಿತ ವಿವರ, ಎಲ್ಲಿ? ಯಾವ ಮಾತು ಅಂತ ಕೂಪರೂ ಹೇಳಿಲ್ಲ, ಬರೂ ಹೇಳಿಲ್ಲ. ಹದಿನೈದು ವರ್ಷದ ಪೈಪೋಟಿಯಲ್ಲಿ ಎದುರಾಳಿ ಬಗ್ಗೆ ಆಡಿದ ಮಾತಿಗೆ ಬೇರೆಯವರು ಕಟ್ಟಿದ ಅರ್ಥಕ್ಕೆಲ್ಲ ನಾನು ಜವಾಬು ಕೊಡಲಾರೆ ಅಂತ ಬರೆದಿದ್ದಾನೆ. ಇಂಥದ್ದೇ ಅಂತ ಹೇಳಿ, ತಕ್ಷಣ ಒಪ್ಪಿಕೊಳ್ತೀನಿ ಇಲ್ಲ ಅಲ್ಲಗಳೆಯುತ್ತೀನಿ ಅಂತಲೂ ಬರೆದಿದ್ದಾನೆ. ಇನ್ನೇನು ಬೇಕು?

ಮಂಜು: ಇಬ್ಬರಿಗೂ ಮೊದಲೇ ಹಗೆಯೇ?

ನಾಗರಾಜ್: ರಾಜಕೀಯದಲ್ಲಿ ಹಗೆ. ಆದರೆ 1800ರಲ್ಲಿ ಲೀವೈ ವೀಕ್ಸ್ ಅನ್ನೋ ಬಡಗಿಯ ಕೊಲೆ ಕೇಸಿನಲ್ಲಿ ಇಬ್ಬರೂ ಒಂದೇ ಪಕ್ಷದ ವಕೀಲರು. ಆರೋಪಿ ಬಿಡುಗಡೆಯಾದ.

ಮಂಜು: ಮತ್ತೆ ಬರ್ ಮಾನನಷ್ಟ ದಾವೆ ಹಾಕಬಹುದಿತ್ತಲ್ಲ?

ನಾಗರಾಜ್: ನನಗೆ ಬೇಜಾರಾಗೋದು ಅಲ್ಲೇ. ಅದೇ 1804ರ ಫೆಬ್ರವರಿಯಲ್ಲಿ, ಅದೇ ಆಲ್ಬನಿಯಲ್ಲಿ, ಹ್ಯಾಮಿಲ್ಟನ್ ಹ್ಯಾರಿ ಕ್ರಾಸ್‌ವೆಲ್ ಪರ ವಾದಿಸಿದ್ದ. ಅಧ್ಯಕ್ಷ ಜೆಫರ್ಸನ್ ವಿರುದ್ಧ ಬರೆದು ಶಿಕ್ಷೆಗೊಳಗಾದ ಪತ್ರಕರ್ತ ಆತ. ಬರೆದದ್ದು ನಿಜ ಅಂತ ಸಾಬೀತು ಮಾಡಲಿಕ್ಕೆ ಕೆಳಗಿನ ಕೋರ್ಟು ಬಿಟ್ಟಿರಲಿಲ್ಲ. ಒಳ್ಳೆಯ ಉದ್ದೇಶದಿಂದ ಹೇಳಿದ ನಿಜಕ್ಕೆ ರಕ್ಷಣೆ ಇರಬೇಕು ಅಂತ ಇವನ ವಾದ. ನ್ಯಾಯಮೂರ್ತಿಗಳು ಇಬ್ಬರು ಆ ಕಡೆ, ಇಬ್ಬರು ಈ ಕಡೆ, ಮರುವಿಚಾರಣೆ ಸಿಗಲಿಲ್ಲ. ಆದರೆ 1805ರಲ್ಲಿ ನ್ಯೂಯಾರ್ಕ್ ಶಾಸನಸಭೆ ಅದನ್ನೇ ಕಾಯಿದೆ ಮಾಡಿತು. ನಮ್ಮ ಹಳೇ ದಂಡ ಸಂಹಿತೆ ಐಪಿಸಿಯಲ್ಲಿ ಮಾನನಷ್ಟದ ಸೆಕ್ಷನ್ 499ರ ಮೊದಲ ಎಕ್ಸೆಪ್ಶನ್, ಅದರ ಜಾಗಕ್ಕೆ ಬಂದಿರೋ ಈಗಿನ ಬಿಎನ್‌ಎಸ್ 356ರಲ್ಲಿರೋದು, ಅದೇ ದಾರಿಯದ್ದು: ನಿಜವೂ ಆಗಿರಬೇಕು, ಸಾರ್ವಜನಿಕ ಹಿತವೂ ಇರಬೇಕು. ಅಂಥ ವಾದ ಮಂಡಿಸಿದ ಮನುಷ್ಯ ‘ಹೌದು, ಅಂದಿದ್ದೀನಿ, ನಂಬಿಯೇ ಅಂದಿದ್ದೀನಿ’ ಅಂತ ಬರೆಯಬಾರದಿತ್ತೇ?

ಸುಧಾ: ಹಾಗೆ ಬರೆದಿದ್ದರೆ ಮಾರನೇ ದಿನವೇ ಡ್ಯುಯೆಲ್ ಕರೆ, ಅಂದ್ರೆ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ಬಾ ಅನ್ನೋ ಕರೆ, ಬರ್ತಿತ್ತು. ಇಲ್ಲ ಅನ್ನೋಕೆ ಮನಸ್ಸು ಒಪ್ಪಲಿಲ್ಲ. ಬರ್ ಬಗ್ಗೆ ತನ್ನ ಟೀಕೆ ಬಹಳ ಕಠಿಣವಾಗಿತ್ತು ಅಂತ ಕೊನೆಗೆ ಬರೆದಿಟ್ಟ ಹೇಳಿಕೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಸುಳ್ಳು ಹೇಳದೆ ಜೀವ ಉಳಿಸಿಕೊಳ್ಳೋ ದಾರಿ ಹುಡುಕಿದವನನ್ನ ಜಾರಿಕೊಂಡ ಅನ್ನಬೇಡ ಪಾಟೀಲ.

ರೇಖಾ (ನ್ಯೂಜೆರ್ಸಿ): ಜೀವ ಉಳೀಲಿಲ್ಲವಲ್ಲ ಸುಧಾ. ಜುಲೈ 11ರ ಬೆಳಗ್ಗೆ ಇಲ್ಲೇ ವೀಹಾಕೆನ್‌ನಲ್ಲಿ ಬರ್ ಜೊತೆ ಡ್ಯುಯೆಲ್‌ನಲ್ಲಿ ಹ್ಯಾಮಿಲ್ಟನ್‌ಗೆ ಗುಂಡು ಬಿತ್ತು, ಮಾರನೇ ದಿನ ಹೋದ. ಅದಕ್ಕೂ ಮೂರು ವರ್ಷ ಮುಂಚೆ ಹಿರಿಮಗ ಫಿಲಿಪ್ ಡ್ಯುಯೆಲ್‌ನಲ್ಲೇ ಸತ್ತಿದ್ದ. ನೀವೆಲ್ಲ ಪ್ಲೀಡಿಂಗ್ ಮಾತಾಡ್ತಿದ್ದೀರಿ, ಅವನ ಹೆಂಡತಿ ಎಲಿಜಬೆತ್ ಹೆಸರು ಯಾರೂ ಎತ್ತಲಿಲ್ಲ. ಸಾಲದ ಜೊತೆ ಏಳು ಮಕ್ಕಳನ್ನ ಕಟ್ಟಿಕೊಂಡು ಉಳಿದವಳು ಅವಳು. 1854ರವರೆಗೆ ಬದುಕಿದ್ದಳು.

ಪಾಟೀಲ: ರೇಖಾ ಹೇಳಿದ್ದು ಖರೇ. ಅದಕ್ಕ ನನಗ ಆ ಕಾಗದದ ಮ್ಯಾಲೆ ಸಿಟ್ಟು. ನಡುವಿನ ತರ್ಕ ಹ್ಯಾಂಗರ ಇರ್ಲಿ, ಕಡೀ ಸಾಲು ನೋಡ್ರಿ. ನೀವು ಒಪ್ಪದಿದ್ರ ವಿಷಾದ ಪಡಬಹುದು ಅಷ್ಟ, ಪರಿಣಾಮಕ್ಕ ಬದ್ಧ ಅದೇನಿ ಅಂತಾನ. ಹೆಂಡ್ತಿ ಮಕ್ಕಳು ಇದ್ದಾಂವ, ಮಗನ್ನ ಕಳಕೊಂಡಾಂವ, ಇದನ್ನ ಯಾಕ ಬರೀಬೇಕಿತ್ತು? ವಿವರಣಾ ಕೇಳಿದವಗ ತಾನ ಮೈದಾನ ತೋರಿಸಿದಂಗಾತು.

ಸುಧಾ: ಆಮೇಲೆ ತನ್ನ ಪರ ಮಾತುಕತೆ ನಡೆಸಿದ ಗೆಳೆಯ ಪೆಂಡಲ್ಟನ್ ಮೂಲಕ ರಾಜಿಗೆ ಬಂದದ್ದೂ ಇವನೇ. ಆಲ್ಬನಿ ಮಾತು ಬರೀ ರಾಜಕೀಯದ್ದು, ಖಾಸಗಿ ನಡತೆಯದ್ದಲ್ಲ ಅಂತ ಹೇಳಿ ಕಳಿಸಿದ. ಬರ್ ಒಪ್ಪದೆ, ಯಾವ ಕಾಲದಲ್ಲೂ ತನ್ನ ಮರ್ಯಾದೆಗೆ ಕುಂದು ತರೋ ಮಾತು ಆಡಿಲ್ಲ ಅಂತ ಬರೆದುಕೊಡು ಅಂದ. ಯಾವ ವಕೀಲ ಅದಕ್ಕೆ ಸಹಿ ಹಾಕ್ತಾನೆ?

ಪಾಟೀಲ: ಬರ್ ಅತಿ ಮಾಡಿದ, ಅದನ್ನ ನಾ ಯಾವಾಗ ಅಲ್ಲ ಅಂದೆ? ಆದ್ರ ಜೂನ್ 20ಕ್ಕ ಆ ಕಡೀ ಸಾಲು ಇಲ್ಲದ ಕಾಗದ ಹೋಗಿದ್ರ, ರಾಜಿ ಮಾತು ಐದು ದಿನ ಮೊದಲ ಸುರು ಆಗ್ತಿತ್ತು.

ಸುಧಾ: ಬರ್ 21ಕ್ಕೆ ಬರೆದ ಕಾಗದ ಹಾಕ್ತೀನಿ ಇರು. ರಾಜಕೀಯ ವಿರೋಧ ಅನ್ನೋ ನೆಪ ಮರ್ಯಾದೆಯ ನಿಯಮಕ್ಕೆ ನಡೆಯಲ್ಲ ಅಂತಾನೆ ಅದರಲ್ಲಿ. ಅದನ್ನ ಓದಿ, ಆ ಮನುಷ್ಯ ಒಂದು ಸಾಲು ತೆಗೆದರೆ ಸುಮ್ಮನಾಗ್ತಿದ್ದನಾ ಹೇಳು.