ಮೊದಲ ಸಲ ಮಾತ್ರೆ ತಗೊಂಡೆ, ಏನೂ ಆಗಲಿಲ್ಲ. ನನಗೆ ಇದು ಕೆಲಸ ಮಾಡುವುದಿಲ್ಲವಾ?

ದಾವಣಗೆರೆಯವ: ನನಗೆ 47. ಹತ್ತು ವರ್ಷದಿಂದ ಶುಗರ್ ಇದೆ. ಈಗ ಒಂದು ವರ್ಷದಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ನಿಮಿರಿದರೂ ಅರ್ಧದಲ್ಲೇ ಸಡಿಲವಾಗುತ್ತದೆ. ಡಾಕ್ಟರ್ ಸಿಲ್ಡೆನಾಫಿಲ್ 50 ಎಂ.ಜಿ. ಬರೆದುಕೊಟ್ಟರು. ಶನಿವಾರ ಮದುವೆ ಊಟ ಮುಗಿಸಿ ಬಂದು ನುಂಗಿದೆ. ಹೋಳಿಗೆ, ತುಪ್ಪ ಎಲ್ಲ ಆಗಿತ್ತು. ಕಾಲು ಗಂಟೆ ಕಾದೆವು, ಏನೂ ಇಲ್ಲ. ಹೆಂಡತಿ ಒಂದು ಮಾತೂ ಆಡದೆ ಲೈಟ್ ಆರಿಸಿದಳು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಗೆಳೆಯ_ಹುಬ್ಬಳ್ಳಿ: ಎರಡು ಮಾತ್ರೆ ಒಟ್ಟಿಗೆ ತಗೊಳ್ಳಿ ಸಾರ್, ಆಗುತ್ತದೆ.

ಮಂಡ್ಯ_54: ದಯವಿಟ್ಟು ಹಾಗೆ ಮಾಡಬೇಡಿ. ಡೋಸ್ ಏರಿಸುವುದು ಡಾಕ್ಟರ್ ಕೆಲಸ.

ನನಗೂ ಶುಗರ್ ಇದೆ. ಐದು ವರ್ಷದ ಹಿಂದೆ ನಿಮ್ಮ ಹಾಗೇ ಒಂದೇ ರಾತ್ರಿಗೆ ಸೋತೆ ಅಂದುಕೊಂಡು, ಮಾತ್ರೆಯ ಪಟ್ಟಿಯನ್ನು ಬೀರುವಿನಲ್ಲಿ ಪಂಚೆಗಳ ಅಡಿ ಬಚ್ಚಿಟ್ಟಿದ್ದೆ. ಎಂಟು ತಿಂಗಳು ಮುಟ್ಟಲಿಲ್ಲ. ಆ ಎಂಟು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆಂಡತಿ, ತನ್ನ ಮೇಲೆ ನನಗೆ ಬೇಸರ ಬಂದಿದೆ ಅಂದುಕೊಂಡಿದ್ದಳು.

ಜಿಡ್ಡಿನ ಊಟದ ಮೇಲೆ ಈ ಮಾತ್ರೆ ಹತ್ತುವುದು ತಡ. ಕಾಲು ಗಂಟೆ ಯಾತಕ್ಕೂ ಸಾಲದು, ಸುಮಾರು ಒಂದು ಗಂಟೆ ಮೊದಲೇ ತಗೊಳ್ಳಬೇಕು. ಅದೂ ಸುಮ್ನೆ ಕಾಯುತ್ತಾ ಕೂತರೆ ಆಗುವುದಿಲ್ಲ. ಮನಸ್ಸಿಗೆ ಆಸೆ ಬಂದರೇನೇ ಅದು ಕೆಲಸ ಮಾಡುವುದು. ಗಡಿಯಾರ ನೋಡುತ್ತಾ ಕೂತವನಿಗೆ ಆಸೆ ಎಲ್ಲಿಂದ ಬರಬೇಕು, ಅಲ್ವಾ?

1998ರಲ್ಲಿ ಅಮೆರಿಕದ ಪರೀಕ್ಷೆಯ ಫಲಿತಾಂಶ ಬಂತು. ಮಾತ್ರೆ ತಗೊಂಡವರ ಪ್ರಯತ್ನಗಳಲ್ಲಿ 100ಕ್ಕೆ 69 ಸಲ ಕೂಡುವುದು ಸಾಧ್ಯವಾಗಿತ್ತು. ಔಷಧವಿಲ್ಲದ ಬರೀ ಮಾತ್ರೆ ತಗೊಂಡವರಲ್ಲಿ 22 ಸಲ. ಅಂದರೆ ನಿಜವಾದ ಮಾತ್ರೆ ತಗೊಂಡವರಿಗೂ 31 ಸಲ ಆಗಿರಲಿಲ್ಲ! ಶುಗರ್ ಇದ್ದವರ ಮೇಲೇ ನಡೆದ ಪರೀಕ್ಷೆಯ ಫಲಿತಾಂಶ ಮರುವರ್ಷ ಬಂತು, ಅದರಲ್ಲಿ 100ಕ್ಕೆ 56 ಜನ ಸುಧಾರಿಸಿದೆ ಎಂದರು. ನಮ್ಮಂಥವರಿಗೆ ಸ್ವಲ್ಪ ಕಷ್ಟ, ನಿಜ. ಆದರೆ ಒಂದು ರಾತ್ರಿಯಲ್ಲಿ ತೀರ್ಮಾನ ಮಾಡಬೇಡಿ.

ಇನ್ನೊಂದು ಮಾತು. ಈ ಔಷಧವನ್ನು ಮೊದಲು ಪರೀಕ್ಷೆ ಮಾಡಿದ್ದೇ ಎದೆನೋವಿಗೆ, ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ಫೈಜರ್ ಪ್ರಯೋಗಾಲಯದವರು. ಇದು ರಕ್ತನಾಳ ಸಡಿಲ ಮಾಡುವ ಮಾತ್ರೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಇದೆಯಲ್ಲ, ಸಾರ್ಬಿಟ್ರೇಟ್ ಥರದ್ದು, ಅದೇನಾದರೂ ತಗೊಳ್ಳುತ್ತೀರಾ?

ದಾವಣಗೆರೆಯವ: ಅಣ್ಣಾ, ಕಳೆದ ವರ್ಷ ಎದೆ ಹಿಡಿದಂತಾಗಿ ಬೇರೆ ಡಾಕ್ಟರ್ ಹತ್ತಿರ ಹೋಗಿದ್ದೆ. ಆಗ ಕೊಟ್ಟದ್ದು ಪರ್ಸಿನಲ್ಲೇ ಇದೆ. ಈ ಡಾಕ್ಟರಿಗೆ ಹೇಳಿಲ್ಲ. ನಾಚಿಕೆಯಲ್ಲಿ ಬೇಗ ಹೊರಗೆ ಬಂದರೆ ಸಾಕಾಗಿತ್ತು.

ಮೆಡಿಕಲ್_ಅಂಗಡಿ: ಎರಡೂ ಸೇರಿದರೆ ಬಿ.ಪಿ. ಒಮ್ಮೆಲೇ ಕುಸಿದು ಪ್ರಾಣಕ್ಕೇ ಅಪಾಯ. ಸಿಲ್ಡೆನಾಫಿಲ್ ಸದ್ಯಕ್ಕೆ ಮುಟ್ಟಲೇಬೇಡಿ. ಎದೆನೋವು ಬಂದು ಆಸ್ಪತ್ರೆಗೆ ಹೋದರೆ ಈ ಮಾತ್ರೆ ಯಾವಾಗ ತಗೊಂಡಿರಿ ಅಂತ ಮೊದಲು ಹೇಳಿ.

ಮಂಡ್ಯ_54: ನಾಳೆಯೇ ಹೋಗಿ ತಮ್ಮಾ. ಎರಡೂ ಮಾತ್ರೆ ಮೇಜಿನ ಮೇಲೆ ಇಡಿ, ಬಾಯಿ ಬಿಡಲು ಕಷ್ಟವಾದರೆ ಅದನ್ನು ನೋಡಿ ಅವರೇ ಕೇಳುತ್ತಾರೆ. ಆದರೆ ಹೆಂಡತಿಗೆ ಮಾತ್ರ ಇವತ್ತೇ ಹೇಳಿ.

ದಾವಣಗೆರೆಯವ: ಹೇಳಿದೆ. ನಾಳೆ ಅವಳೂ ಬರುತ್ತಾಳಂತೆ.