ವರ್ಗೀಕರಣ ಪ್ರಬಂಧಕ್ಕೆ ಮೊದಲು ನಕ್ಷೆ ಹಾಕುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಕಾರವಾರದಿಂದ ಒಬ್ಬ ತಾಯಿ)

ಮಗಳು ಡಿಗ್ರಿ ಮೊದಲ ವರ್ಷ. ಇಂಗ್ಲಿಷ್ ಪೇಪರಿಗೆ ವರ್ಗೀಕರಣ ಪ್ರಬಂಧ ಬರೆಯಬೇಕಂತೆ. ಜೊತೆಗೆ ಗ್ರಾಫಿಕ್ ಆರ್ಗನೈಸರ್ ಕೂಡ ಕೊಡಬೇಕು. ಅಂದರೆ ಬರೆಯುವ ಮೊದಲು ವಿಚಾರಗಳನ್ನು ಚೌಕ, ಗೆರೆ ಹಾಕಿ ಜೋಡಿಸಿದ ನಕ್ಷೆ. ‘ನಮ್ಮೂರ ಮೀನುಗಳು’ ಅಂತ ವಿಷಯ ಆರಿಸಿದ್ದಾಳೆ. ನಾಲ್ಕು ಚೌಕ ಹಾಕಿದ್ದಾಳೆ: ದೊಡ್ಡ ಮೀನು, ಸಣ್ಣ ಮೀನು, ರುಚಿಯ ಮೀನು, ಹೊಳೆ ಮೀನು. ಅಲ್ಲಿಂದ ಮುಂದೆ ಹೋಗುತ್ತಿಲ್ಲ. ಇಂಥದ್ದು ಬರೆದವರು, ಬರೆಸಿದವರು ದಯವಿಟ್ಟು ಹೇಳಿ.

ಕುಮಟಾದಿಂದ, ಇಂಗ್ಲಿಷ್ ಕಲಿಸುವವರು

ಅಕ್ಕಾ, ವಿಷಯ ಚೆನ್ನಾಗಿದೆ. ಮಗಳು ಸಿಕ್ಕಿಕೊಂಡದ್ದಕ್ಕೆ ಕಾರಣ ಆ ನಾಲ್ಕು ಚೌಕಗಳಲ್ಲೇ ಇದೆ. ದೊಡ್ಡದು, ಸಣ್ಣದು ಅಂದರೆ ಗಾತ್ರ. ರುಚಿ ಅಂದರೆ ತಿನ್ನುವವರ ಇಷ್ಟ. ಹೊಳೆ ಅಂದರೆ ಜಾಗ. ಮೂರು ಬೇರೆ ಬೇರೆ ಅಳತೆಗಳು ಒಂದೇ ನಕ್ಷೆಗೆ ಬಂದಿವೆ. ಬಂಗಡೆ ಸಣ್ಣ ಮೀನೂ ಹೌದು, ರುಚಿಯ ಮೀನೂ ಹೌದು. ಅದನ್ನು ಎಲ್ಲಿ ಬರೆಯುವುದು? ಮಕ್ಕಳು ಇಲ್ಲೇ ಸೋತು, ತಮಗೆ ಬರೆಯಲು ಬರುವುದಿಲ್ಲ ಅಂದುಕೊಳ್ಳುತ್ತಾರೆ. ನನಗೆ ಅದು ಬಹಳ ಬೇಸರದ ಸಂಗತಿ. ಏಕೆಂದರೆ ತೊಂದರೆ ಬರವಣಿಗೆಯಲ್ಲಿ ಇರುವುದೇ ಇಲ್ಲ.

ಕ್ಲಾಸಿನಲ್ಲಿ ನಾನು ಮೊದಲೇ ಚೌಕ ಹಾಕಲು ಬಿಡುವುದಿಲ್ಲ. ಹಾಳೆಯ ಮೇಲ್ಗಡೆ ಒಂದು ಸಾಲು ಬರೆಸುತ್ತೇನೆ: ‘ನಾನು ಏನನ್ನು ವಿಂಗಡಿಸುತ್ತೇನೆ, ಯಾವುದರ ಪ್ರಕಾರ?’ ಆ ‘ಪ್ರಕಾರ’ಕ್ಕೆ ಒಂದೇ ಉತ್ತರ ಇರಬೇಕು. ಅದು ಗಟ್ಟಿಯಾದ ಮೇಲೆ ಗೆರೆ.

ಮೀನನ್ನು ಬಲೆಯ ಪ್ರಕಾರ ವಿಂಗಡಿಸೋಣ ಅಂದರೂ ಬಂಗಡೆ ಮತ್ತೆ ಅಡ್ಡ ಬರುತ್ತದೆ. ರಂಪಣಿಗೂ ಬೀಳುತ್ತದೆ, ಪರ್ಸೀನಿಗೂ ಬೀಳುತ್ತದೆ, ಗಿಲ್‌ನೆಟ್ಟಿಗೂ ಬೀಳುತ್ತದೆ. ಹಾಗಾಗಿ ಮೀನು ಬಿಟ್ಟು ಬಲೆಗಳನ್ನೇ ವಿಂಗಡಿಸಲಿ. ‘ಬಲೆ ಮೀನನ್ನು ಹೇಗೆ ಹಿಡಿಯುತ್ತದೆ’ ಅನ್ನುವುದೊಂದೇ ಆಧಾರ. ಸುತ್ತುವರಿದು ಹಿಡಿಯುವುದು ನಕ್ಷೆಯ ಒಂದು ಕೊಂಬೆ, ಅಂದರೆ ಒಂದು ಗುಂಪು. ಅದರಲ್ಲಿ ರಂಪಣಿ ಬರುತ್ತದೆ, ಊರಿನ ಜನ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ. ಪರ್ಸೀನ್ ಕೂಡ ಅಲ್ಲೇ. ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು, ಸಂಚಿಯ ಬಾಯಿ ಬಿಗಿದ ಹಾಗೆ ತಳದ ಹಗ್ಗ ಎಳೆದು ಮುಚ್ಚುತ್ತಾರೆ. ಬೋಟಿನ ಹಿಂದೆ ನೀರಿನ ತಳ ಗುಡಿಸುತ್ತಾ ಹೋಗುವ ಟ್ರಾಲ್ ಎರಡನೆಯದು, ಸಿಗಡಿ ಜಾಸ್ತಿ ಬರುವುದು ಇದರಲ್ಲಿ. ಗಿಲ್‌ನೆಟ್ ಮೂರನೆಯದು, ಮೀನಿನ ಕಿವಿರು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಮೇಲಿಂದ ಮುಚ್ಚುವ ಬೀಸುಬಲೆ ನಾಲ್ಕನೆಯದು.

ಈಗ ಎರಡು ಪರೀಕ್ಷೆ ಮಾಡಿಸಿ. ಯಾವುದಾದರೂ ಬಲೆ ಎರಡು ಕೊಂಬೆಗೆ ಹೋಗುತ್ತದಾ? ಯಾವುದಾದರೂ ಹೊರಗೆ ಉಳಿಯುತ್ತದಾ? ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೈಯಲ್ಲಿ ಬಳಚು ಆರಿಸುತ್ತಾರೆ. ಗಾಳ ಹಾಕುವವರೂ ಇದ್ದಾರೆ. ಇವು ಬಲೆಯೇ ಅಲ್ಲ, ಆದ್ದರಿಂದ ಈ ಪ್ರಬಂಧದಲ್ಲಿ ಬೇಡ. ‘ಇತರೆ’ ಅಂತ ಚೌಕ ಹಾಕಿ ಅವನ್ನು ತುರುಕಬಾರದು. ಬೈತಖೋಲ ಬಂದರು ನಿಮಗೆ ಹತ್ತಿರ ಅಲ್ವಾ, ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. ಬಲೆ ನೋಡಿ, ಕೇಳಿ ಬರೆದ ಸಾಲಿಗೆ ಬೇರೆಯೇ ಬಲ ಬರುತ್ತದೆ.

ಶಿರಸಿ ಕಡೆಯಿಂದ, ತೋಟದ ಮನೆಯವರು

ಅಕ್ಕೋರು ಹೇಳಿದ್ದು ಸರಿ. ನಮ್ಮ ಮಗ ಅಡಿಕೆ ಬಗ್ಗೆ ಬರೆದ. ಮಂಡಿಯಲ್ಲಿ ಕೇಳುವ ಹೆಸರನ್ನೆಲ್ಲ ಸಾಲಾಗಿ ಬರೆದುಕೊಂಡಿದ್ದ: ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೋಕಾ. ಅವನಜ್ಜ ಒಂದೇ ಪ್ರಶ್ನೆ ಕೇಳಿದರು, ‘ಬೇಯಿಸಿದ್ದು ಯಾವುದು?’ ಅಂತ. ಹಸಿರಾಗಿದ್ದಾಗಲೇ ಕೊಯ್ದು ಸುಲಿದು ಬೇಯಿಸಿ ಒಣಗಿಸಿದ್ದು ಕೆಂಪಡಿಕೆ. ರಾಶಿ, ಬೆಟ್ಟೆ ಆ ಕಡೆ ಹೋದವು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದದ್ದು ಚಾಲಿ, ಅದು ಈ ಕಡೆ. ಬಿಳೆಗೋಟು, ಕೋಕಾ ಗುಣಮಟ್ಟ ನೋಡಿ ಇಟ್ಟ ಹೆಸರು, ಅವಕ್ಕೆ ಕೆಳಗಿನ ಸಾಲಿನಲ್ಲಿ ಜಾಗ ಸಿಕ್ಕಿತು. ಮೇಲೆ ಎರಡೇ ಕೊಂಬೆ, ಕೆಳಗೆ ಚಿಕ್ಕ ಕೊಂಬೆ. ಎಲ್ಲ ಹೆಸರೂ ಒಂದೇ ಮಟ್ಟದಲ್ಲಿ ಇರಬೇಕಾಗಿಲ್ಲ.

ಅಂಕೋಲಾದಿಂದ, ಬಿ.ಎ. ವಿದ್ಯಾರ್ಥಿ

ಅಕ್ಕಾ, ನಕ್ಷೆಯ ಆಕಾರದ ಬಗ್ಗೆ ಒಂದು ಮಾತು. ಒಂದಕ್ಕೊಂದು ಸೇರುವ ಎರಡು ವೃತ್ತದ ವೆನ್ ಚಿತ್ರ ಬೇಡ. ಅದು ಹೋಲಿಕೆ ಪ್ರಬಂಧಕ್ಕೆ, ಏಕೆಂದರೆ ಅಲ್ಲಿ ನಡುವೆ ಬೀಳುವುದೇ ಮುಖ್ಯ. ವರ್ಗೀಕರಣದಲ್ಲಿ ನಡುವೆ ಏನೂ ಬೀಳಬಾರದು. ಮರದ ಆಕಾರ ಸಾಕು.

ಕೊಂಬೆ ಹಾಕಿದ ಮೇಲೆ ನಾನು ಅದೇ ಹಾಳೆಯ ಕೆಳಗೆ ಒಂದು ಪಟ್ಟಿ ಎಳೆಯುತ್ತೇನೆ. ಪ್ರತಿ ಕೊಂಬೆಗೂ ಅವೇ ಪ್ರಶ್ನೆಗಳು. ಬಲೆಗಾದರೆ: ಹೇಗೆ ಕೆಲಸ ಮಾಡುತ್ತದೆ, ಎಷ್ಟು ಜನ ಬೇಕು, ಯಾವ ಮೀನು ಬೀಳುತ್ತದೆ. ಯಾವ ಮನೆ ಖಾಲಿ ಉಳಿಯುತ್ತದೋ ಅದನ್ನು ಹೋಗಿ ಕೇಳಿ ತುಂಬುವುದು. ಬರೆಯಲು ಕೂತಾಗ ಪಟ್ಟಿಯ ಒಂದು ಸಾಲು ಒಂದು ಪ್ಯಾರಾ ಆಗುತ್ತದೆ.

ಮತ್ತೆ ಕಾರವಾರದ ತಾಯಿ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳಿಗೆ ಓದಿ ಹೇಳಿದೆ, ಬಲೆ ವಿಷಯ ಹಿಡಿಸಿತು. ಅವಳದೊಂದು ಪ್ರಶ್ನೆ: ನಾಲ್ಕರಲ್ಲಿ ಯಾವುದನ್ನು ಮೊದಲು ಬರೆಯಬೇಕು?

ಕುಮಟಾದಿಂದ

ಕೊಂಬೆಗಳ ಪಕ್ಕದಲ್ಲಿ 1, 2, 3, 4 ಅಂತ ಪೆನ್ಸಿಲಿನಲ್ಲಿ ಹಾಕಲಿ, ಬದಲಾಯಿಸಲು ಸುಲಭ. ಒಬ್ಬರೇ ಬೀಸಬಹುದಾದ ಬೀಸುಬಲೆಯಿಂದ ಶುರು ಮಾಡಿ, ಆಮೇಲೆ ಗಿಲ್‌ನೆಟ್, ಟ್ರಾಲ್, ಕೊನೆಗೆ ಸುತ್ತುವ ಬಲೆ ಅಂತ ಹೋಗಬಹುದು. ರಂಪಣಿ, ಪರ್ಸೀನ್ ಕೊನೆಯಲ್ಲಿ ಬಂದರೆ ಇನ್ನೊಂದು ಲಾಭ ಇದೆ. 1970ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಒಂದೇ ಕೊಂಬೆಯ ಎರಡು ಬಲೆಗಳ ನಡುವೆ ಹೀಗೇಕಾಯಿತು ಅನ್ನುವುದನ್ನು ಅವಳು ಅಲ್ಲಿ ಬಿಡಿಸಿ ಬರೆಯಬಹುದು. ಮೊದಲ ಕರಡು ಆದ ಮೇಲೆ ನಕ್ಷೆಯ ಜೊತೆ ಕಳಿಸಿ, ನೋಡಿಕೊಡುತ್ತೇನೆ.