ಹಾಲು, ಶೇಂಗಾ ಎರಡೂ ಇಲ್ಲದೆ ಮಗುವಿನ ಹುಟ್ಟುಹಬ್ಬ ಮಾಡುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ತಾಯಿ

ನಮ್ಮ ಮಗಳಿಗೆ ಬರುವ ತಿಂಗಳು ನಾಲ್ಕು ವರ್ಷ ತುಂಬುತ್ತದೆ. ಅವಳಿಗೆ ಹಾಲು ಮತ್ತು ಶೇಂಗಾದ ಅಲರ್ಜಿ ಇರುವುದು ಪರೀಕ್ಷೆಯಲ್ಲಿ ಖಚಿತವಾಗಿರುವುದರಿಂದ ಇದುವರೆಗೆ ಹುಟ್ಟುಹಬ್ಬವನ್ನು ಮನೆಯವರಷ್ಟೇ ಸೇರಿ ಮುಗಿಸುತ್ತಿದ್ದೆವು. ಈ ಸಲ ಶಾಲೆಯ ಗೆಳತಿಯರನ್ನು ಕರೆಯಲೇಬೇಕೆಂದು ಹಟ ಹಿಡಿದಿದ್ದಾಳೆ. ಹದಿನೈದು ಮಕ್ಕಳಾದರೂ ಬರುತ್ತಾರೆ. ನಮ್ಮ ಕಡೆ ಚಟ್ನಿಪುಡಿ, ಅವಲಕ್ಕಿ, ಪಲ್ಯ ಎಲ್ಲದರಲ್ಲೂ ಶೇಂಗಾ ಇರುತ್ತದೆ, ಒಗ್ಗರಣೆಯ ಎಣ್ಣೆಯೂ ಅದರದ್ದೇ. ಬೇಕರಿಯವರು ‘ಎಗ್‌ಲೆಸ್’ ಕೇಕ್ ಕೊಡುತ್ತೇವೆ ಎನ್ನುತ್ತಾರೆಯೇ ಹೊರತು ಹಾಲಿನ ಬಗ್ಗೆ ಸ್ಪಷ್ಟ ಉತ್ತರ ಕೊಡುವುದಿಲ್ಲ. ಮಗಳಿಗೆ ಬೇರೆ ತಟ್ಟೆ ಇಟ್ಟು ಉಳಿದವರಿಗೆ ಎಂದಿನಂತೆ ಮಾಡಿದರಾಯಿತು, ಒಂದು ಚಮಚ ತುಪ್ಪದಿಂದ ಏನೂ ಆಗದು ಎಂಬುದು ಅತ್ತೆಯವರ ಮಾತು. ಸಕ್ಕರೆ, ಕರಿದ ತಿಂಡಿಯೂ ಆದಷ್ಟು ಕಡಿಮೆ ಇರಲಿ ಎಂಬ ಆಸೆ ನನಗಿದೆ. ಏನು ಮಾಡಬಹುದು, ದಯವಿಟ್ಟು ತಿಳಿಸಿ.

ಉತ್ತರ: ಪುತ್ತೂರಿನ ಗೃಹಿಣಿ

ಬೇರೆ ತಟ್ಟೆಯ ಯೋಚನೆಯನ್ನು ಬಿಡಿ. ಆ ವಯಸ್ಸಿನ ಮಕ್ಕಳು ತಮಗೆ ರುಚಿಸಿದ್ದನ್ನು ಪಕ್ಕದವರ ಬಾಯಿಗೂ ಇಡುತ್ತಾರೆ, ಕ್ರೀಮ್ ಮೆತ್ತಿದ ಕೈಯಲ್ಲೇ ಆಟದ ಸಾಮಾನು ಹಿಡಿಯುತ್ತಾರೆ. ಅಂದಿನ ಮಟ್ಟಿಗೆ ಹಾಲು, ಶೇಂಗಾ ಮನೆಯೊಳಗೇ ಬಾರದಂತೆ ನೋಡಿಕೊಂಡು ಎಲ್ಲರಿಗೂ ಒಂದೇ ತಿಂಡಿ ಬಡಿಸಿದರೆ ಹುಟ್ಟುಹಬ್ಬದ ಹುಡುಗಿಯೇ ತನ್ನ ಮನೆಯಲ್ಲಿ ಬೇರೆಯವಳಂತೆ ಕುಳಿತುಕೊಳ್ಳುವ ಪ್ರಸಂಗ ಬರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಇಂಥ ತಿಂಡಿಗಳಿಗೆ ಕೊರತೆಯಿಲ್ಲ. ಅಕ್ಕಿಯ ಒತ್ತು ಶಾವಿಗೆಗೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು ಸುರಿದು ಕೊಟ್ಟರೆ ಪಾಯಸ ಬೇಕೆಂದು ಯಾವ ಮಗುವೂ ಕೇಳುವುದಿಲ್ಲ. ಪುಟ್ಟ ಇಡ್ಲಿ, ನೀರುದೋಸೆ, ಹೆಸರುಬೇಳೆ ಕೋಸಂಬರಿ ಇವೂ ಆಗುತ್ತವೆ. ನಿಮ್ಮ ಕಡೆಯ ಸೂಸ್ಲಾವನ್ನು ಶೇಂಗಾ ಬಿಟ್ಟು, ಪುಟಾಣಿ ಹಿಟ್ಟಿನಲ್ಲೇ ಮಾಡಿದರೆ ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಮಂಡಕ್ಕಿ, ಪುಟಾಣಿಗಳನ್ನು ಶೇಂಗಾ ಹುರಿಯುವ ಅಂಗಡಿಯಿಂದ ಬಿಡಿಯಾಗಿ ತರಬೇಡಿ; ಅಲರ್ಜಿಯ ವಿವರ ಮುದ್ರಿಸಿದ ಪೊಟ್ಟಣವನ್ನೇ ಕೊಳ್ಳಿ. ಎಣ್ಣೆಯ ವಿಷಯದಲ್ಲೂ ಹಾಗೆಯೇ. ಗಾಣದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ಹುಟ್ಟಿಸುವ ಪ್ರೋಟೀನು ಉಳಿದಿರುತ್ತದೆ, ಅದೇ ಗಾಣದಲ್ಲಿ ಹಿಂಡಿದ ಕುಸುಬೆ ಎಣ್ಣೆಗೂ ಅದು ಬೆರೆಯಬಹುದು. ಅಂದಿಗೆ ಪೊಟ್ಟಣದ ಸೂರ್ಯಕಾಂತಿ ಎಣ್ಣೆ ಸಾಕು.

ಸಂಜೆ ನಾಲ್ಕರಿಂದ ಆರರವರೆಗೆ ಇಟ್ಟುಕೊಂಡರೆ ಊಟದ ಗೊಡವೆಯೇ ಇರುವುದಿಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕಿದ ಮಾತ್ರಕ್ಕೆ ಸಿಹಿ ಆರೋಗ್ಯಕರವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಿಹಿ ಒಂದೇ ಬಗೆಯಿರಲಿ, ಜೊತೆಗೆ ಕಲ್ಲಂಗಡಿ, ಪಪ್ಪಾಯಿ ಇಡಿ. ದ್ರಾಕ್ಷಿ ಇಡುವುದಾದರೆ ಉದ್ದುದ್ದಕ್ಕೆ ಸೀಳಿಡಿ, ಇಡೀ ಹಣ್ಣು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಉತ್ತರ: ಮನೆಯಲ್ಲೇ ಕೇಕ್ ಮಾಡಿ ಕೊಡುವವರು, ಧಾರವಾಡ

‘ಎಗ್‌ಲೆಸ್’ ಎಂದರೆ ಮೊಟ್ಟೆ ಇಲ್ಲವೆಂದಷ್ಟೇ. ಮೊಟ್ಟೆಯ ಜಾಗಕ್ಕೆ ಬೇಕರಿಗಳಲ್ಲಿ ಸಾಮಾನ್ಯವಾಗಿ ಮೊಸರನ್ನೋ ಕಂಡೆನ್ಸ್ಡ್ ಮಿಲ್ಕನ್ನೋ ಹಾಕುತ್ತಾರೆ, ಎಂದರೆ ನಿಮ್ಮ ಮಗುವಿಗೆ ಆಗದ್ದೇ ಅದರಲ್ಲಿ ಹೆಚ್ಚಾಗಿರುತ್ತದೆ. ಹಾಲಿನದಲ್ಲವೆಂದು ಮಾರುವ ವಿಪ್ಪಿಂಗ್ ಕ್ರೀಮಿನಲ್ಲೂ ಅನೇಕ ವೇಳೆ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಾಲಿನ ಪ್ರೋಟೀನೇ. ಪೊಟ್ಟಣದ ಮೇಲಿನ ಹಸಿರು ಗುರುತು ಸಸ್ಯಾಹಾರವೆಂದು ಹೇಳುತ್ತದೆಯೇ ವಿನಾ ಹಾಲಿಲ್ಲವೆಂದು ಹೇಳುವುದಿಲ್ಲ. ಹಾಲು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಗೋಧಿ ಮುಂತಾದವು ಇದ್ದರೆ ಅದನ್ನು ಪೊಟ್ಟಣದ ಮೇಲೆ ಬೇರೆಯಾಗಿ ನಮೂದಿಸಬೇಕೆಂಬ ನಿಯಮವಿದೆ, ಆ ಸಾಲನ್ನು ಓದಿ. ಎಳ್ಳು ಆ ಪಟ್ಟಿಯಲ್ಲಿಲ್ಲ. ಬರುವ ಮಕ್ಕಳಲ್ಲಿ ಯಾರಿಗಾದರೂ ಎಳ್ಳು ಆಗದಿದ್ದರೆ ಘಟಕಾಂಶಗಳ ಪಟ್ಟಿಯನ್ನೇ ಪೂರ್ತಿ ನೋಡಬೇಕಾಗುತ್ತದೆ, ಆದ್ದರಿಂದ ಕರೆಯುವಾಗಲೇ ತಾಯಂದಿರನ್ನು ವಿಚಾರಿಸಿಕೊಳ್ಳಿ.

ಕೇಕನ್ನು ಮನೆಯಲ್ಲೇ ಮಾಡುವುದು ಕ್ಷೇಮ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಕಾಲು ಕಪ್ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಇವನ್ನು ಜರಡಿ ಹಿಡಿದು, ಮೂರನೇ ಒಂದು ಕಪ್ ಎಣ್ಣೆ, ಒಂದು ಕಪ್ ನೀರು, ಒಂದು ದೊಡ್ಡ ಚಮಚ ವಿನೆಗರ್ ಸೇರಿಸಿ ಕಲಸಿ. ಸೋಡಾಕ್ಕೆ ಹುಳಿ ತಾಗಿದ ಕೂಡಲೇ ಗುಳ್ಳೆ ಏಳಲು ಶುರುವಾಗುವುದರಿಂದ ಹಿಟ್ಟನ್ನು ಹಾಗೆಯೇ ಬಿಟ್ಟಿಡದೆ, ಮೊದಲೇ ಬಿಸಿ ಮಾಡಿಟ್ಟ ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ 35 ನಿಮಿಷ ಬೇಯಿಸಿ. ನಿಮ್ಮದು ಹದಿನೈದು ಮಕ್ಕಳಾದ್ದರಿಂದ ಎರಡು ಕೇಕ್ ಬೇಕಾದೀತು. ದೊಡ್ಡ ಬಲೂನು ಒಡೆದು ಚಾಕೊಲೇಟು ಉದುರಿಸುವ ಪದ್ಧತಿಯನ್ನು ಈ ಸಲ ಕೈಬಿಡಿ. ನೆಲದಿಂದ ಹೆಕ್ಕಿ ಬಾಯಿಗೆ ಹಾಕಿಕೊಳ್ಳುವವರನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ.

ಉತ್ತರ: ಮಕ್ಕಳ ವೈದ್ಯೆ, ಮೈಸೂರು

ಅತ್ತೆಯವರಿಗೆ ಒಂದು ಮಾತು ತಿಳಿಸಿ. ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಬೇರೆ, ಅಲರ್ಜಿ ಬೇರೆ. ಮೊದಲನೆಯದರಲ್ಲಿ ತುಪ್ಪ ನಡೆಯುತ್ತದೆ. ಅಲರ್ಜಿಯಲ್ಲಿ ತುಪ್ಪದಲ್ಲಿ ಉಳಿದ ಅತ್ಯಲ್ಪ ಪ್ರೋಟೀನೂ ಕೆಲವು ಮಕ್ಕಳಿಗೆ ಸಾಕಾಗುತ್ತದೆ. ಬಂದವರು ತಂದ ಸಿಹಿಯನ್ನು ತೆಗೆದು ಎತ್ತಿಡುವ ಹೊಣೆಯನ್ನು ಅವರಿಗೇ ಒಪ್ಪಿಸಿ, ಮನೆಯ ಹಿರಿಯರ ಮಾತನ್ನು ಅತಿಥಿಗಳು ತೆಗೆದುಹಾಕುವುದಿಲ್ಲ.

ಬಂದ ಕೂಡಲೇ ಮತ್ತು ತಿಂಡಿಯಾದ ಮೇಲೆ ಎಲ್ಲ ಮಕ್ಕಳ ಕೈಯನ್ನೂ ಸಾಬೂನು ನೀರಿನಿಂದ ತೊಳೆಸಿ. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾದ ಅಂಶ ಹೋಗುವುದಿಲ್ಲ. ಮೈಮೇಲೆ ದದ್ದು ಏಳುವುದರ ಜೊತೆಗೆ ಉಬ್ಬಸ, ಧ್ವನಿ ಒಡೆಯುವುದು, ಮತ್ತೆ ಮತ್ತೆ ವಾಂತಿ ಅಥವಾ ಮಂಕು ಕವಿಯುವುದು ಕಂಡರೆ ಅದು ತುರ್ತು ಸ್ಥಿತಿ. ಅಲರ್ಜಿಯ ಸಿರಪ್ ಕೊಟ್ಟು ಕಾಯಬಾರದು, ಅದು ಇಂಥ ಪ್ರತಿಕ್ರಿಯೆಯನ್ನು ತಡೆಯುವುದಿಲ್ಲ. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಔಷಧ. ನಿಮ್ಮ ವೈದ್ಯರು ಅದನ್ನು ಮನೆಯಲ್ಲಿಟ್ಟುಕೊಳ್ಳಲು ಬರೆದುಕೊಟ್ಟಿದ್ದರೆ ಎಲ್ಲಿದೆ, ಯಾರು ಕೊಡುವುದು ಎಂಬುದನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ಈಗಲೇ ಕೇಳಿ. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾಗಿದ್ದರೆ ಕೂರಿಸಿ, 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸಬಹುದಾದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು.

ಮರುಪ್ರಶ್ನೆ: ಹುಬ್ಬಳ್ಳಿಯ ತಾಯಿ

ಎಲ್ಲರಿಗೂ ಧನ್ಯವಾದಗಳು. ಶಾವಿಗೆ, ಸೂಸ್ಲಾ, ಕೋಕೋ ಕೇಕ್ ಎಂದು ನಿಶ್ಚಯಿಸಿದ್ದೇವೆ. ಆಕಳ ಹಾಲು ಆಗದಿದ್ದರೆ ಎಮ್ಮೆಯ ಹಾಲಿನದನ್ನು ಕೊಡಬಹುದೆಂದು ನೆರೆಯವರು ಹೇಳುತ್ತಿದ್ದಾರೆ, ಇದು ಸರಿಯೇ?

ಉತ್ತರ: ಮಕ್ಕಳ ವೈದ್ಯೆ, ಮೈಸೂರು

ಸರಿಯಲ್ಲ. ಎಮ್ಮೆ ಮತ್ತು ಆಡಿನ ಹಾಲಿನ ಪ್ರೋಟೀನುಗಳು ಆಕಳ ಹಾಲಿನವನ್ನೇ ಬಹಳಷ್ಟು ಹೋಲುವುದರಿಂದ ಹೆಚ್ಚಿನ ಮಕ್ಕಳಿಗೆ ಅವೂ ಆಗುವುದಿಲ್ಲ.